ಬೋರು ಕೊರೆಸೋದಕ್ಕೂ ಬೋರು ಹೊಡೆಯೋದಕ್ಕೂ ಏನು ಸಂಬಂಧ?

ಪ್ರಶ್ನೆ: ಸರ್, ನಾನು ಮುಳಬಾಗಿಲು ಕಡೆಯವಳು, ಎರಡನೇ ಪಿಯುಸಿ ಓದುತ್ತಿದ್ದೇನೆ. ಮೊನ್ನೆ ಕ್ಲಾಸಿನಲ್ಲಿ ‘ಐ ಆಮ್ ಬೋರಿಂಗ್’ ಅಂದೆ, ಎಲ್ಲರೂ ನಕ್ಕರು. ಯಾಕೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಮನೆಯಲ್ಲಿ ‘ಬೋರ್ ಆಗ್ತಿದೆ’ ಅಂದರೆ ನಮ್ಮ ತಾತ ‘ಎಷ್ಟು ಅಡಿ?’ ಅಂತ ಕೇಳಿ ನಗುತ್ತಾರೆ. ತೋಟದ ಬೋರು, ಮನಸ್ಸಿಗೆ ಹೊಡೆಯೋ ಬೋರು ಎರಡೂ ಒಂದೇ ಪದಾನಾ? ಎಲ್ಲಿಂದ ಬಂತು ಇದು?

ಉತ್ತರ: ನೋಡಮ್ಮ, ಮೊದಲು ನಿಮ್ಮ ತಾತನಿಗೆ ನನ್ನ ನಮಸ್ಕಾರ ಹೇಳು. ಅವರು ತಮಾಷೆಗೆ ಕೇಳಿದ್ದನ್ನೇ ಇಂಗ್ಲಿಷ್ ನಿಘಂಟು ಮಾಡುವವರು ನಿಜವಾಗಿ ಕೇಳಿಕೊಂಡು ತಲೆ ಕೆರೆದುಕೊಂಡಿದ್ದಾರೆ. ಆ ತೂತಿಗೂ ಈ ಬೇಜಾರಿಗೂ ಏನು ಸಂಬಂಧ ಅಂತ ಆಕ್ಸ್‌ಫರ್ಡ್ ನಿಘಂಟು ಕೂಡ ಖಚಿತವಾಗಿ ಹೇಳುವುದಿಲ್ಲ. ಬೇಜಾರಿನ ಬೋರಿನ ಮೂಲ ತಿಳಿದಿಲ್ಲ ಅಂತ ಬರೆದು ಸುಮ್ನಾಗುತ್ತದೆ. ಆದರೆ ನಾನು ಮೂವತ್ತು ವರ್ಷ ಚಿಂತಾಮಣಿಯಲ್ಲಿ ಇಂಗ್ಲಿಷ್ ಪಾಠ ಮಾಡಿದವನು, ಬೋರು ಕೊರೆಸಿ ಕೈ ಸುಟ್ಟುಕೊಂಡ ಮನೆಯವನೂ ಹೌದು. ಹಾಗಾಗಿ ನನಗೆ ಒಂದು ಅಭಿಪ್ರಾಯ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ತೂತಿನಿಂದಲೇ ಶುರು ಮಾಡೋಣ, ಅದೇ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ‘ಬೋರಿಯನ್’ ಅಂತ ಒಂದು ಕ್ರಿಯಾಪದ ಇತ್ತು, ಕೊರೆಯುವುದು ಅಂತ ಅರ್ಥ. ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು. ಜರ್ಮನ್ನರು ಇವತ್ತಿಗೂ ‘ಬೋರೆನ್’ ಅನ್ನುತ್ತಾರೆ. ಲ್ಯಾಟಿನ್ನಿನ ‘ಫೊರಾರೆ’ ಇದರ ದಾಯಾದಿ, ಅದರಿಂದಲೇ ‘ಪರ್ಫೊರೇಟ್’ ಬಂತು. ತೂತು ತೂತಾಗಿರುವ ಪೈಪಿಗೆ ಅಂಗಡಿಯವರು ‘ಪರ್ಫೊರೇಟೆಡ್ ಪೈಪು’ ಅನ್ನುತ್ತಾರಲ್ಲ, ಅದೇ. ಬೋರಿನೊಳಗೆ ಅಂಥ ಪೈಪು ಇಳಿಸಿದರೆ ದೂರದ ನೆಂಟರಿಬ್ಬರು ಒಂದೇ ತೂತಿನಲ್ಲಿ ಸೇರಿದ ಹಾಗೆ.

ಈ ಪದದ ಜೊತೆ ನಮ್ಮ ಸೀಮೆ ಒಂದು ವಿಚಿತ್ರ ಕೆಲಸ ಮಾಡಿದೆ. ಇಂಗ್ಲೆಂಡಿನವರಿಗೆ ‘ಬೋರ್’ ಅಂದರೆ ಮುಖ್ಯವಾಗಿ ಕೊರೆಯುವ ಕೆಲಸ, ಇಲ್ಲವೇ ಕೊಳವೆಯ ಒಳಗಿನ ಅಗಲ. ನೀರಿಗಾಗಿ ಕೊರೆದ ತೂತಿಗೆ ಅವರು ‘ಬೋರ್‌ಹೋಲ್’ ಅನ್ನುತ್ತಾರೆ. ಉತ್ತರ ಭಾರತದಲ್ಲಿ ‘ಟ್ಯೂಬ್‌ವೆಲ್’ ಜಾಸ್ತಿ ಕೇಳಿಸುತ್ತದೆ. ‘ಬೋರ್‌ವೆಲ್’ ಅನ್ನುವುದು ಹೆಚ್ಚಾಗಿ ನಮ್ಮ ಭಾರತದ ಇಂಗ್ಲಿಷು. ಸರ್ಕಾರಿ ಕಾಗದದಲ್ಲಿ ‘ಕೊಳವೆ ಬಾವಿ’ ಇದೆ, ಚೆನ್ನಾಗಿಯೂ ಇದೆ, ಆದರೆ ಹೊಲದಲ್ಲಿ ನಿಂತು ಯಾರೂ ಹಾಗೆ ಅನ್ನುವುದಿಲ್ಲ. ನಾವು ಬಾವಿಯನ್ನೂ ಬಿಟ್ಟು, ವೆಲ್ಲನ್ನೂ ಬಿಟ್ಟು ಬರೀ ಬೋರು ಇಟ್ಟುಕೊಂಡೆವು. ‘ಬೋರು ಬತ್ತೋಯ್ತು’, ‘ಬೋರು ಬಿಡು ಹೋಗು’, ‘ಅವರ ಬೋರಲ್ಲಿ ಎರಡಿಂಚು ಇದೆ’. ಇದನ್ನು ಹಾಗೇ ಇಂಗ್ಲಿಷಿಗೆ ಹಾಕಿ ‘ಮೈ ಬೋರ್ ಹ್ಯಾಸ್ ಗಾನ್ ಡ್ರೈ’ ಅಂದರೆ ಲಂಡನ್ನಿನವನು ಕಣ್ಣುಬಾಯಿ ಬಿಡುತ್ತಾನೆ. ಅವನ ಇಂಗ್ಲಿಷಿನಲ್ಲಿ ‘ಮೈ ಬೋರ್’ ಅಂದರೆ ತಲೆ ತಿನ್ನೋ ನನ್ನ ಪರಿಚಯದ ಮನುಷ್ಯ ಅಂತಲೂ ಆಗಬಹುದು!

‘ವೆಲ್’ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಮೊದಲು ಅದರ ಅರ್ಥ ತೋಡಿದ ಬಾವಿ ಅಲ್ಲ, ತಾನಾಗಿ ಉಕ್ಕುವ ಒರತೆ. ಕಣ್ಣಲ್ಲಿ ನೀರು ಉಕ್ಕಿತು ಅನ್ನುವುದಕ್ಕೆ ಈಗಲೂ ‘ವೆಲ್ಡ್ ಅಪ್’ ಅಂತಾರೆ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬರುತ್ತಲ್ಲ, ಹಳೆಯ ಲೆಕ್ಕದಲ್ಲಿ ‘ವೆಲ್’ ಅಂದರೆ ಅಂಥದ್ದು. ಸಾವಿರದ ಇನ್ನೂರು ಅಡಿ ಕೊರೆದು ಮೋಟಾರು ಇಳಿಸಿ ಎಳೆಯುವುದಕ್ಕೂ ಅದೇ ಹೆಸರು ಅಂಟಿಕೊಂಡಿದೆ.

ಆ ಸಾವಿರದ ಇನ್ನೂರು ಅಡಿಯನ್ನು ನಾನು ಸುಮ್ನೆ ಹೇಳಲಿಲ್ಲ. ಶಿಡ್ಲಘಟ್ಟದ ಹತ್ತಿರ ನಮ್ಮಣ್ಣನ ರೇಷ್ಮೆ ಸೊಪ್ಪಿನ ತೋಟ ಇತ್ತು. ಹಳೆ ಬೋರು ಬತ್ತಿತ್ತು, ಸೊಪ್ಪು ಒಣಗುತ್ತಿತ್ತು. ಪಾಯಿಂಟ್ ಮಾಡುವವರು ಬಂದರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಓಡಾಡಿದರು, ಒಂದು ಕಡೆ ಕಾಯಿ ಎದ್ದು ನಿಂತಿತು, ಅಲ್ಲೇ ಕಲ್ಲು ಇಟ್ಟರು. ಲಾರಿ ಬಂದಿದ್ದು ರಾತ್ರಿ ಹತ್ತಕ್ಕೆ. ಹುಡುಗರೆಲ್ಲ ತಮಿಳುನಾಡಿನ ತಿರುಚೆಂಗೋಡು ಕಡೆಯವರು. ಬೋರ್ ಲಾರಿಗಳಿಗೆ ಆ ಊರು ಹೆಸರುವಾಸಿ. ಅತ್ತಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಆಮೇಲೆ ಕಂಪ್ರೆಸರ್ ಶುರುವಾಯಿತು.

ಮೊದಲ ಅರ್ಧ ಗಂಟೆ ಎಲ್ಲರೂ ತುದಿಗಾಲಲ್ಲಿ ನಿಂತಿದ್ದೆವು. ಕೇಸಿಂಗ್ ಪೈಪು ಇಳಿಯಿತು, ಬಂಡೆ ಸಿಕ್ಕಿತು, ಬಿಳಿ ಪುಡಿ ಮೇಲಕ್ಕೆ ಎದ್ದು ಸೊಪ್ಪಿನ ಮೇಲೆಲ್ಲ ಕೂತಿತು. ಇಪ್ಪತ್ತು ಅಡಿಗೆ ಒಂದು ರಾಡು. ಒಂದು ರಾಡು ಇಳಿದ ಮೇಲೆ ಮಿಷಿನ್ ನಿಲ್ಲುತ್ತದೆ, ಇನ್ನೊಂದು ರಾಡು ಸೇರಿಸುತ್ತಾರೆ, ಮತ್ತೆ ಗಡಗಡ. ಅಣ್ಣನ ಮಗ ರಾಡಿಗೊಂದು ಕಲ್ಲು ಇಟ್ಟು ಲೆಕ್ಕ ಹಾಕುತ್ತಿದ್ದ. ಹತ್ತು ಕಲ್ಲು, ಇಪ್ಪತ್ತು ಕಲ್ಲು. ನಾನೂರು ಅಡಿಗೆ ಒಮ್ಮೆ ಪುಡಿ ಸ್ವಲ್ಪ ಹಸಿಯಾಯಿತು, ಅಣ್ಣ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿದ, ಎಲ್ಲರೂ ಹತ್ತಿರ ಬಂದೆವು, ಅಷ್ಟೇ, ಮತ್ತೆ ಒಣಗಿತು. ಏಳುನೂರು ಅಡಿ ದಾಟಿದ ಮೇಲೆ ಅಡಿಯ ರೇಟು ಏರುತ್ತಾ ಹೋಯಿತು, ಮಾತು ಇಳಿಯುತ್ತಾ ಹೋಯಿತು. ಅದೇ ಸದ್ದು, ಅದೇ ಧೂಳು, ಅದೇ ರಾಡು. ಬೆಳಗಿನ ಜಾವ ನಾಲ್ಕು ಗಂಟೆಗೆ ಅರವತ್ತನೇ ಕಲ್ಲು ಇಟ್ಟು ಹುಡುಗ ಅಲ್ಲೇ ಗೋಣಿಚೀಲದ ಮೇಲೆ ನಿದ್ದೆ ಹೋದ. ನೀರಿಲ್ಲ. ಅಣ್ಣ ಏನೂ ಮಾತಾಡಲಿಲ್ಲ, ದುಡ್ಡು ಎಣಿಸಿ ಕೊಟ್ಟ. ಲಾರಿ ಹೋದ ಮೇಲೂ ಸುಮಾರು ಹೊತ್ತು ಕಿವಿಯಲ್ಲಿ ಆ ಸದ್ದು ಇತ್ತು.

ಈಗ 2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿಯ ನೀರು ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ ನೀರು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕಳಿಸುವ ನೀರು ಅದು. ಅದರ ಒಳ್ಳೇದು ಕೆಟ್ಟದ್ದು ಬೇರೆ ಜಗಳ, ಈಗ ಬೇಡ. ನಾನು ಹೇಳಹೊರಟಿದ್ದು ಆ ರಾತ್ರಿಯ ಸದ್ದಿನ ಬಗ್ಗೆ. ಯಾಕೆ ಅಂತ ಈಗ ನೋಡು.

ಇಂಗ್ಲಿಷಿನಲ್ಲಿ ಬೇಜಾರಿನ ‘ಬೋರ್’ ಕಾಣಿಸಿಕೊಳ್ಳುವುದು ತುಂಬಾ ತಡವಾಗಿ, 1760ರ ದಶಕದಲ್ಲಿ. ಅದೂ ದೊಡ್ಡ ಮನೆತನದವರ ಖಾಸಗಿ ಪತ್ರಗಳಲ್ಲಿ. 1768ರಲ್ಲಿ ಅರ್ಲ್ ಆಫ್ ಕಾರ್ಲೈಲ್ ಅನ್ನುವ ಶ್ರೀಮಂತ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ಇದು ಕ್ರಿಯಾಪದವಾಗಿ ಬರುತ್ತದೆ: ಕುದುರೆ ರೇಸಿನ ನ್ಯೂಮಾರ್ಕೆಟ್ಟಿನಲ್ಲಿರುವ ತನ್ನ ಸ್ನೇಹಿತರನ್ನು ಫ್ರೆಂಚರು ಬಂದು ಬೋರ್ ಮಾಡಲಿದ್ದಾರೆ, ಪಾಪ ಅನಿಸುತ್ತದೆ ಅಂತ. ಆ ಕಾಲದ ಪತ್ರಗಳಲ್ಲಿ ‘ಫ್ರೆಂಚ್ ಬೋರ್’ ಅನ್ನುವ ಮಾತೂ ಇದೆ. ಅಂದರೆ ಆಗ ಇದು ಶೋಕಿವಾಲರ ಹೊಸ ಪದ, ಈಗಿನ ಕಾಲೇಜು ಹುಡುಗರ ಪದಗಳ ಹಾಗೆ. ಪದದ ಸುತ್ತ ಇಷ್ಟೊಂದು ಫ್ರೆಂಚರು ಓಡಾಡುತ್ತಿದ್ದರಿಂದ ಕೆಲವರು ಇದು ಫ್ರೆಂಚಿನ ‘ಬೂರ್’ ಇರಬೇಕು ಅಂದರು. ಹಾಸಿಗೆಗೋ ಕುರ್ಚಿಗೋ ತುಂಬುವ ಕಸರು ಅಂತ ಅದರ ಅರ್ಥ. ಅದನ್ನೇ ತುರುಕುವುದು, ಸಾಕು ಸಾಕು ಅನಿಸುವಷ್ಟು ತುಂಬುವುದು ಅಂತ ಕ್ರಿಯಾಪದ. ಇನ್ನು ಕೆಲವರು, ಇಲ್ಲ, ಇದು ಅದೇ ಹಳೇ ಕೊರೆಯುವ ಬೋರು, ನಿಧಾನವಾಗಿ ಬಿಡದೆ ಒಂದೇ ಕಡೆ ಕೊರೆಯೋದರಿಂದ ಈ ಅರ್ಥ ಬಂತು ಅಂದರು. ಎರಡಕ್ಕೂ ಕಾಗದದ ಮೇಲೆ ಸಾಕ್ಷಿ ಇಲ್ಲ.

ನಾನು ಎರಡನೆಯವರ ಪಕ್ಷ. ಬೇಜಾರಿಗೆ ಹೆಸರು ಹುಡುಕುವ ಜನ ಏನು ಮಾಡುತ್ತಾರೆ ಅಂತ ನೋಡೋಕೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ, ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಅಲ್ಲಿ ಮೂರು ಭಾಷೆ ಒಟ್ಟಿಗೆ ಕಿವಿಗೆ ಬೀಳುತ್ತವೆ. ಯಾರಾದರೂ ಉದ್ದಕ್ಕೆ ಮಾತಾಡಿ ತಲೆ ತಿಂದರೆ ಕನ್ನಡದವರು ‘ಏನು ಕೊರೀತಾನಪ್ಪ’ ಅಂತೀವಿ, ‘ಒಂದು ಗಂಟೆ ಕೊರೆದರು’ ಅಂತೀವಿ. ಕೆಜಿಎಫ್ ಕಡೆಯ ತಮಿಳಿನವರು ಅದಕ್ಕೇ ‘ಅರುವೈ’ ಅನ್ನುತ್ತಾರೆ. ಅದು ಕೊಯ್ಯುವುದು. ‘ಬ್ಲೇಡು’ ಅಂತಲೂ ಹೇಳುತ್ತಾರೆ, ಅದನ್ನು ನಮ್ಮ ಹುಡುಗರೂ ಕಲಿತಿದ್ದಾರೆ. ತೆಲುಗಿನವರು ‘ಸುತ್ತಿ’ ಅನ್ನುತ್ತಾರೆ. ಸುತ್ತಿ ಅಂದರೆ ಸುತ್ತಿಗೆ! ಒಬ್ಬರದು ಡ್ರಿಲ್ಲು, ಒಬ್ಬರದು ಕತ್ತಿ, ಒಬ್ಬರದು ಸುತ್ತಿಗೆ. ಬೇಜಾರು ಹುಟ್ಟಿಸುವ ಮಾತಿಗೆ ಹೆಸರಿಡಲು ಮೂವರೂ ಆಯುಧದ ಪೆಟ್ಟಿಗೆಗೇ ಕೈ ಹಾಕಿದ್ದಾರೆ. ಹಾಗಿರುವಾಗ ಕೊರೆಯುವುದಕ್ಕೆ ಸಾವಿರ ವರ್ಷದ ಪದ ಕೈಯಲ್ಲಿಟ್ಟುಕೊಂಡ ಇಂಗ್ಲಿಷಿನವನು ಕುರ್ಚಿಯ ಕಸರು ಹುಡುಕಿಕೊಂಡು ಫ್ರಾನ್ಸಿಗೆ ಹೋದ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಇದು ಸಾಬೀತು ಅಲ್ಲ, ನನ್ನ ಊಹೆ. ಆ ರಾತ್ರಿ ಅರವತ್ತು ರಾಡು ಎಣಿಸಿದವನ ಊಹೆ.

ನಮ್ಮ ‘ಕೊರೆ’ ಇನ್ನೂ ಎಷ್ಟು ಕಡೆ ಹೋಗುತ್ತದೆ ನೋಡು. ಜನವರಿಯಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ ಬೆಳಿಗ್ಗೆ ಎದ್ದರೆ ಚಳಿ ಕೊರೆಯುತ್ತದೆ. ಯಾರಿಗೋ ಆಡಿದ ಕೆಟ್ಟ ಮಾತು ರಾತ್ರಿಯೆಲ್ಲ ಮನಸ್ಸನ್ನು ಕೊರೆಯುತ್ತದೆ. ಟೊಮೇಟೊದಲ್ಲಿ ತೂತು ಮಾಡುವ ಹುಳಕ್ಕೆ ಕಾಯಿ ಕೊರಕ ಅಂತೀವಿ, ಇಂಗ್ಲಿಷಿನವರು ‘ಫ್ರೂಟ್ ಬೋರರ್’ ಅಂತಾರೆ, ಎರಡೂ ಭಾಷೆ ಇಲ್ಲಿ ಹೆಜ್ಜೆ ಹೆಜ್ಜೆಗೆ ಜೊತೆ. ಆದರೆ ಚಳಿಗೆ ಇಂಗ್ಲಿಷಿನಲ್ಲಿ ‘ಬೋರ್’ ಹಾಕುವ ಹಾಗಿಲ್ಲ. ಅಲ್ಲಿ ಚಳಿ ಕಚ್ಚುತ್ತದೆ. ನೋಟಕ್ಕೆ ಹಾಕಬಹುದು. ನೆಟ್ಟ ಕಣ್ಣಲ್ಲಿ ಕೊರೆಯುವ ಹಾಗೆ ನೋಡಿದ ಅನ್ನೋದಕ್ಕೆ ‘ಹಿಸ್ ಐಸ್ ಬೋರ್ಡ್ ಇನ್‌ಟು ಮಿ’ ಅಂತಾರೆ.

‘ಬೋರ್‌ಡಮ್’ ಅನ್ನುವ ನಾಮಪದ ಇನ್ನೂ ತಡ, ಹತ್ತೊಂಬತ್ತನೇ ಶತಮಾನದ್ದು. ಡಿಕನ್ಸ್ 1852-53ರಲ್ಲಿ ಕಂತು ಕಂತಾಗಿ ಬರೆದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಲೇಡಿ ಡೆಡ್‌ಲಾಕ್ ಅಂತ ಒಬ್ಬ ಶ್ರೀಮಂತ ಹೆಂಗಸು ಇದ್ದಾಳೆ. ಬೇಜಾರಿನಿಂದ ಸಾಯೋ ಹಾಗಾಗಿದೆ ಅನ್ನೋದೇ ಅವಳ ಪಾಡು. ಆ ಪದವನ್ನು ಹುಟ್ಟಿಸಿದವನೇ ಡಿಕನ್ಸ್ ಅಂತ ತುಂಬಾ ಜನ ಹೇಳುತ್ತಾರೆ. ಹಾಗಲ್ಲ, ಅದಕ್ಕೂ ಮೊದಲೇ ಅದು ಅಚ್ಚಾಗಿತ್ತು. ಅವನು ಅದನ್ನು ಮನೆಮನೆಗೆ ತಲುಪಿಸಿದ.

ಈಗ ನಿನ್ನ ನಿಜವಾದ ಕಷ್ಟಕ್ಕೆ ಬರುತ್ತೇನೆ. ಕ್ಲಾಸಿನಲ್ಲಿ ನಕ್ಕವರಲ್ಲಿ ಅರ್ಧ ಜನ ನಾಳೆ ಅದೇ ತಪ್ಪು ಮಾಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡ. ನಿನ್ನ ತಲೆಯಲ್ಲಿ ಇದ್ದದ್ದು ‘ನನಗೆ ಬೋರ್ ಆಗ್ತಿದೆ’ ಅನ್ನುವ ಕನ್ನಡ ವಾಕ್ಯ. ‘ಆಗ್ತಿದೆ’ ಅಂದರೆ ಈಗ ನಡೀತಾ ಇದೆ, ನಡೀತಾ ಇರೋದಕ್ಕೆ ‘ಇಂಗ್’ ಹಚ್ಚಬೇಕು ಅಂತ ಸ್ಕೂಲಲ್ಲಿ ಕಲಿಸಿದ್ದಾರೆ, ಹಚ್ಚಿದೆ. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ಕೈಕೊಟ್ಟಿದ್ದು ಭಾಷೆ.

ಕನ್ನಡದಲ್ಲಿ ‘ನನಗೆ’ ಅಂತೀವಿ. ನನಗೆ ಹಸಿವು, ನನಗೆ ಚಳಿ, ನನಗೆ ಬೇಜಾರು. ಅದು ಎಲ್ಲಿಂದಲೋ ನನ್ನ ಹತ್ತಿರ ಬರುತ್ತದೆ, ನಾನು ಸುಮ್ನೆ ಕೂತಿರುತ್ತೇನೆ. ಇಂಗ್ಲಿಷಿನಲ್ಲಿ ಈ ‘ನನಗೆ’ ಇಲ್ಲ, ‘ನಾನು’ ಅಂತಲೇ ಶುರು ಮಾಡಬೇಕು. ಆಗ ನಾನು ಬೋರು ಹೊಡೆಸುವವನೋ, ಬೋರು ಹೊಡೆಸಿಕೊಂಡವನೋ ಅಂತ ಬಾಲದಲ್ಲಿ ಹೇಳಬೇಕಾಗುತ್ತದೆ. ‘ಇಂಗ್’ ಹಚ್ಚಿದರೆ ಕೊರೆಯುವವನು. ‘ಎಡ್’ ಹಚ್ಚಿದರೆ ಕೊರೆಸಿಕೊಂಡವನು. ಲಾರಿ ಬೋರಿಂಗ್, ಬಂಡೆ ಬೋರ್ಡ್. ಹೀಗೆ ನೆನಪಿಟ್ಟುಕೋ, ಮರೆಯೋದಿಲ್ಲ. ಪಾಠ ಬೋರಿಂಗ್, ಕೂತು ಕೇಳುವ ನೀನು ಬೋರ್ಡ್. ‘ಐ ಆಮ್ ಬೋರಿಂಗ್’ ಅಂದಾಗ ನೀನು ‘ನಾನು ಜನರ ತಲೆ ಕೊರೆಯುವವಳು’ ಅಂತ ಒಪ್ಪಿಕೊಂಡ ಹಾಗಾಯಿತು, ಅದಕ್ಕೇ ನಕ್ಕರು. ತಿರುಚೆಂಗೋಡಿನ ಲಾರಿ ಹುಡುಗ ಅದೇ ವಾಕ್ಯ ಹೇಳಿದರೆ ಮಾತ್ರ ಪೂರ್ತಿ ಸರಿ, ಅವನು ನಿಜವಾಗಿ ಕೊರೆಯುತ್ತಿರುತ್ತಾನೆ.

ಇದೇ ಲೆಕ್ಕ ಇನ್ನೂ ಹತ್ತಾರು ಪದಕ್ಕೆ ನಡೆಯುತ್ತದೆ. ಟೈರಿಂಗ್ ಕೆಲಸ, ಟೈರ್ಡ್ ಆದ ನಾನು. ಕನ್‌ಫ್ಯೂಸಿಂಗ್ ಪ್ರಶ್ನೆ, ಕನ್‌ಫ್ಯೂಸ್ಡ್ ಆದ ಹುಡುಗಿ. ಇಂಟರೆಸ್ಟಿಂಗ್ ಕಥೆ, ಇಂಟರೆಸ್ಟೆಡ್ ಆಗಿ ಕೇಳುವವರು. ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ಯುವರ್ ಕಂಪೆನಿ’ ಅಂತ ನಮ್ಮ ಕಡೆ ಹುಡುಗರು ಎಷ್ಟು ಕೆಲಸದ ಅರ್ಜಿಯಲ್ಲಿ ಬರೆದಿದ್ದಾರೋ, ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನು ಸವೆದಿದೆ.

ಒಂದು ಮಜಾ ಏನು ಗೊತ್ತಾ? ಹಳೇ ಇಂಗ್ಲಿಷಿನಲ್ಲಿ ನಮ್ಮ ‘ನನಗೆ’ ಥರದ್ದೇ ಇತ್ತು. ನಾಟಕಗಳಲ್ಲಿ ‘ಮಿಥಿಂಕ್ಸ್’ ಅಂತ ಬರುತ್ತದಲ್ಲ, ಅದು ‘ನಾನು ಯೋಚಿಸುತ್ತೇನೆ’ ಅಲ್ಲ, ‘ನನಗೆ ಅನಿಸುತ್ತದೆ’. ಅಲ್ಲಿನ ‘ಮಿ’ ಅಂದರೆ ನನಗೆ. ಕಾಲಕ್ರಮೇಣ ಅವರು ಅದನ್ನು ಕಳೆದುಕೊಂಡರು. ಬೋರ್ ಬರುವ ಮುಂಚೆ ಬೇಜಾರಿಗೆ ಅವರು ಫ್ರೆಂಚಿನಿಂದ ತಂದ ‘ಆನ್ವಿ’ ಅನ್ನುವ ಪದ ಇದೆಯಲ್ಲ, ಅದರ ಹಿಂದಿರೋದೂ ಲ್ಯಾಟಿನ್ನಿನ ‘ನನಗೆ ಅದು ಹಗೆ’ ಅನ್ನುವಂಥ ಮಾತೇ. ಅದೇ ಮಾತಿನಿಂದ ‘ಅನಾಯ್’ ಕೂಡ ಬಂತು. ಅವರ ಅಜ್ಜಿ ಭಾಷೆಗಳೆಲ್ಲ ನಮ್ಮ ಹಾಗೇ ‘ನನಗೆ’ ಅಂತಿದ್ದವು, ಮೊಮ್ಮಕ್ಕಳು ‘ನಾನು ನಾನು’ ಅಂತ ಕಲಿತರು.

ಜೊತೆಗೆ ಹಾಕುವ ಚಿಕ್ಕ ಪದಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪರೀಕ್ಷೆಯಲ್ಲಿ ‘ಬೋರ್ಡ್ ವಿತ್’ ಅಥವಾ ‘ಬೋರ್ಡ್ ಬೈ’ ಬರಿ. ‘ಬೋರ್ಡ್ ಆಫ್’ ಈಗ ಎಲ್ಲ ಕಡೆ ಕೇಳಿಸುತ್ತದೆ, ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ, ಆದರೆ ಪೇಪರು ತಿದ್ದುವವರು ಹಳೇ ಕಾಲದವರಿದ್ದರೆ ಅರ್ಧ ಮಾರ್ಕು ಹೋಗುತ್ತದೆ. ‘ಎ ಬೋರ್’ ಅಂದರೆ ಬೇಜಾರು ಹುಟ್ಟಿಸುವ ಮನುಷ್ಯ ಅಥವಾ ಕೆಲಸ. ‘ಬೋರ್ಡ್ ಟು ಟಿಯರ್ಸ್’ ಅಂದರೆ ಅಳು ಬರುವಷ್ಟು.

ಇನ್ನು ಉಳಿದ ಬೋರುಗಳು. ಮೆಕ್ಯಾನಿಕ್ ಹತ್ತಿರ ಹೋದರೆ ‘ಬ್ಲಾಕ್ ಬೋರ್ ಮಾಡಿಸಬೇಕು ಸರ್’ ಅಂತಾನೆ. ಸಿಲಿಂಡರಿನ ಒಳಮೈ ಸವೆದಿದೆ, ಅದನ್ನು ಸ್ವಲ್ಪ ಕೊರೆದು ದೊಡ್ಡದು ಮಾಡಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕು ಅಂತ. ಅದೂ ತೂತಿನ ಬೋರೇ. ಕೋವಿಯ ‘ಟ್ವೆಲ್ ಬೋರ್’ ಕೂಡ ಅದೇ, ಆದರೆ ಆ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ, ಅಂಥ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ ಅಂತ. ಸುಮಾರು 18.5 ಮಿಲಿಮೀಟರು. ಅದಕ್ಕೇ ಇಪ್ಪತ್ತು ಬೋರಿನದು ಹನ್ನೆರಡಕ್ಕಿಂತ ಸಣ್ಣ. ನಮ್ಮ ಬೋರ್ ಕೊರೆಯುವವರದು ನೇರ ಲೆಕ್ಕ, ಆರೂವರೆ ಇಂಚು ಅಂದರೆ ಆರೂವರೆ ಇಂಚು.

ತೂತಿಗೆ ಸಂಬಂಧವೇ ಇಲ್ಲದ ಬೋರುಗಳೂ ಇವೆ. ‘ಬೇರ್’ ಅಂದರೆ ಹೊರುವುದು, ಅದರ ಭೂತಕಾಲ ‘ಬೋರ್’. ಇದರ ನೆಂಟಸ್ತಿಕೆ ಕೇಳಿದರೆ ನಿನಗೆ ಖುಷಿಯಾಗುತ್ತದೆ. ಸಂಸ್ಕೃತದ ‘ಭರ್’ ಧಾತು, ಇಂಗ್ಲಿಷಿನ ‘ಬೇರ್’ ಎರಡೂ ಒಂದೇ ತಾಯಿಯ ಮಕ್ಕಳು. ನಮ್ಮ ಭಾರ, ಭರಿಸು ಎಲ್ಲ ಆ ಕಡೆಯಿಂದ ಬಂದವು. ಖರ್ಚು ಭರಿಸಿದರು ಅನ್ನುವುದಕ್ಕೆ ಇಂಗ್ಲಿಷಿನವರು ‘ಬೋರ್ ದ ಕಾಸ್ಟ್’ ಅಂದರೆ ಅರ್ಥವೂ ಒಂದೇ, ಬೇರೂ ಒಂದೇ. ನಮ್ಮಣ್ಣ ಆ ರಾತ್ರಿ ಎರಡು ಥರದಲ್ಲೂ ಬೋರ್ ಮಾಡಿದ ಅಂತಾಯ್ತು.

ಸಮುದ್ರದ ಭರತದ ನೀರು ಗೋಡೆ ಎದ್ದ ಹಾಗೆ ನದಿಯೊಳಗೆ ನುಗ್ಗುತ್ತದೆ, ಚೀನಾದ ಚಿಯಾಂಟಾಂಗ್ ನದಿಯಲ್ಲಿ, ಬಂಗಾಳದ ಹೂಗ್ಲಿಯಲ್ಲಿ. ಅದಕ್ಕೆ ‘ಟೈಡಲ್ ಬೋರ್’ ಅನ್ನುತ್ತಾರೆ. ಇದು ಅಲೆ ಅನ್ನುವ ಅರ್ಥದ ಉತ್ತರ ಯುರೋಪಿನ ಹಳೇ ಪದ ‘ಬಾರ’ದಿಂದ ಬಂದದ್ದು. ನದಿಯೇ ಹರಿಯದ ನಮ್ಮ ಕಡೆ ಇದನ್ನು ಕಟ್ಟಿಕೊಂಡು ಏನು ಮಾಡೋದು, ಮುಂದೆ ಹೋಗೋಣ. ಕೇಳೋಕೆ ಒಂದೇ ಥರ ಇರುವ ‘ಬೋರ್’ ಇನ್ನೊಂದಿದೆ, ಕಾಡುಹಂದಿ, ಅದರ ಸ್ಪೆಲ್ಲಿಂಗಿನಲ್ಲಿ ‘ಎ’ ಇರುತ್ತದೆ. ‘ಬೂರ್’ ಅಂತಲೂ ಒಂದಿದೆ, ಒರಟ, ನಡವಳಿಕೆ ಗೊತ್ತಿಲ್ಲದವನು ಅಂತ. ಅದರ ಮೂಲ ಡಚ್ ‘ಬೂರ್’, ರೈತ! ರೈತ ಅನ್ನುವ ಪದವನ್ನು ಬೈಗುಳ ಮಾಡಿಟ್ಟಿದ್ದಾರೆ. ‘ವಿಲನ್’ ಪದದ ಕಥೆಯೂ ಇದೇ, ಮೊದಲು ಅವನು ಜಮೀನಿನಲ್ಲಿ ದುಡಿಯುವ ಹಳ್ಳಿಯವನು ಅಷ್ಟೇ. ಪಟ್ಟಣದವರು ಪದ ಮಾಡಲು ಕೂತರೆ ಹಳ್ಳಿಯವರಿಗೆ ಸಿಗುವ ಪಾಲು ಇಷ್ಟೇ ಇರುತ್ತೆ ನೋಡು.

ಬಂಗಾರಪೇಟೆ ಹೆಸರು ಬಂತಲ್ಲ, ಅದರ ಹಳೇ ಹೆಸರು ಬೌರಿಂಗ್‌ಪೇಟೆ. ಇದನ್ನು ಬೋರಿಂಗ್‌ಪೇಟೆ ಅಂತ ಓದಿ, ಅಲ್ಲಿ ಮೊದಲು ಬೋರು ಕೊರೆದರು, ಚಿನ್ನಕ್ಕೆ ಕೊರೆದರು ಅಂತೆಲ್ಲ ಕಥೆ ಹೇಳಿದವರನ್ನು ನಾನೇ ಕಂಡಿದ್ದೇನೆ. ಹಾಗೇನಿಲ್ಲ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಹೆಸರು ಅದು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೂ ಅವನದೇ ಹೆಸರು. ಊರಿನ ಹೆಸರು ಬದಲಾಯಿತು, ರೈಲ್ವೆಯವರ ಕೋಡು ಬದಲಾಗಲಿಲ್ಲ. ಬಂಗಾರಪೇಟೆಗೆ ಟಿಕೆಟ್ ಬುಕ್ ಮಾಡುವಾಗ ನೋಡು, ‘ಬಿ ಡಬ್ಲ್ಯೂ ಟಿ’ ಅಂತ ಬರುತ್ತದೆ. ಬೌರಿಂಗ್ ಸಾಹೇಬ ಇನ್ನೂ ಅಲ್ಲೇ ಕೂತಿದ್ದಾನೆ. ಹಾಗೇ ನಮ್ಮ ಬೋರೇಗೌಡ, ಬೋರಮ್ಮ ಅನ್ನುವ ಹೆಸರಿಗೂ, ಬೋರಲು ಬೀಳುವುದಕ್ಕೂ ಈ ಇಂಗ್ಲಿಷ್ ಬೋರಿಗೂ ಏನೂ ಸಂಬಂಧ ಇಲ್ಲ.

ಕೊನೆಗೆ, ಇದನ್ನು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೋರ್ ಅನ್ನುವುದು ಬೇಜಾರಿಗೆ ಪೂರ್ತಿ ಬದಲಿ ಅಲ್ಲ. ‘ಬೇಜಾರು’ ಪಾರ್ಸಿಯ ‘ಬೇಜಾರ್’, ಉರ್ದು ದಾರಿಯಲ್ಲಿ ನಮ್ಮ ಮನೆಗೆ ಬಂದದ್ದು. ಅದರಲ್ಲಿ ನೋವೂ ಇದೆ. ‘ಬೇಜಾರು ಮಾಡ್ಕೋಬೇಡ ಕಣಮ್ಮ’ ಅಂತ ಅಜ್ಜಿ ಹೇಳುವ ಕಡೆ ‘ಬೋರ್ ಮಾಡ್ಕೋಬೇಡ’ ಅಂತ ಹಾಕಿ ನೋಡು, ಬಾಯಿಗೇ ಬರೋದಿಲ್ಲ. ‘ಬೇಸರ’ ನಮ್ಮದೇ ಹಳೇ ಪದ, ತೆಲುಗಿನ ‘ವೇಸಾರು’ ಅದರ ಅಕ್ಕನೋ ತಂಗಿಯೋ. ‘ವಿಸಿಗಿ ವೇಸಾರಿಪೋಯಾನು’ ಅಂತ ನಿಮ್ಮ ಕಡೆ ಕೇಳಿರುತ್ತೀಯ. ಅದರಲ್ಲಿ ಸುಸ್ತು ಇದೆ, ಕಾದು ಕಾದು ಸಾಕಾದದ್ದು ಇದೆ. ಬೋರಿನಲ್ಲಿ ಇವೆರಡೂ ಇಲ್ಲ, ಅದು ಹಗುರ. ಭಾನುವಾರ ಮಧ್ಯಾಹ್ನ ಕರೆಂಟು ಹೋದಾಗ ಆಗುವುದು ಬೋರ್. ಅಣ್ಣನಿಗೆ ಆ ಬೆಳಗಿನ ಜಾವ ಆದದ್ದು ಬೇಸರ. ಗೋಣಿಚೀಲದ ಮೇಲೆ ಮಲಗಿದ ಹುಡುಗನಿಗೆ ಬೋರ್ ಆಗಿತ್ತು ಅಷ್ಟೇ, ಎದ್ದ ಮೇಲೆ ಅರವತ್ತು ಕಲ್ಲಿನಲ್ಲಿ ಮನೆ ಕಟ್ಟಿ ಆಡುತ್ತಿದ್ದ.

ತಾತ ಮತ್ತೆ ‘ಎಷ್ಟು ಅಡಿ?’ ಅಂತ ಕೇಳಿದರೆ, ಸಾವಿರದ ಇನ್ನೂರಾಯ್ತು ತಾತ, ಇನ್ನೂ ಬರೀ ಧೂಳು ಅಂತ ಹೇಳು. ಅವರಿಗೆ ಅರ್ಥವಾಗುತ್ತದೆ.